ಶಿಬೊರಿ ವಿನ್ಯಾಸವನ್ನು ಪಾಲಿಮರ್ ಕ್ಲೇಯಲ್ಲಿ ತರುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಾನು ಪಾಲಿಮರ್ ಕ್ಲೇಯಿಂದ (ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಕಿವಿಯೋಲೆ ಮಾಡುತ್ತೇನೆ. ಕಟ್ಟಿ ಬಣ್ಣ ಹಾಕುವ ಜಪಾನಿನ ಶಿಬೊರಿ ಬಟ್ಟೆಯ ನೀಲಿ-ಬಿಳಿ ಚುಕ್ಕೆಗಳನ್ನು ಅದರಲ್ಲಿ ತರಲು ಹೋದರೆ, ಅವು ಮೇಲೆ ಅಂಟಿಸಿದ ಬಿಂದಿಗಳಂತೆ ಕಾಣುತ್ತವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನನಗೂ ಮೊದಲ ವರ್ಷವೆಲ್ಲ ಹೀಗೆಯೇ ಆಗಿತ್ತು. ಈಗ ಜಪಾನಿನ ನಾಗೋಯಾ ನಗರಕ್ಕೆ ಸೇರಿರುವ ಅರಿಮತ್ಸು 17ನೇ ಶತಮಾನದ ಆರಂಭದಿಂದಲೂ ಶಿಬೊರಿಗೆ ಹೆಸರಾದ ಊರು. ಶಿಬೊರಿಯಲ್ಲಿ ಕಾನೊಕೊ ಎಂಬ ಬಗೆಗೆ ಬಟ್ಟೆಯನ್ನು ಚಿವುಟಿ ಹಿಡಿದು, ಬುಡಕ್ಕೆ ದಾರ ಬಿಗಿದು, ನೀಲಿಯಲ್ಲಿ ಅದ್ದುತ್ತಾರೆ. ದಾರದ ಅಡಿಯ ಭಾಗ ಬಿಳಿಯಾಗಿ ಉಳಿದು, ಚಿವುಟಿದ ತುದಿಗೆ ಮಾತ್ರ ಬಣ್ಣ ಹತ್ತುವುದರಿಂದ ಬಿಳಿ ಉಂಗುರದ ನಡುವೆ ನೀಲಿ ಚುಕ್ಕೆಯೊಂದು ಮೂಡುತ್ತದೆ. ಬಾಂಧನಿ ಸೀರೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಪರಿಚಿತವೇ. ಆ ಉಂಗುರದ ಅಂಚನ್ನು ಗಮನಿಸಿ. ದಾರದ ಸಂದಿಯಲ್ಲಿ ಬಣ್ಣ ಒಂದಿಷ್ಟು ನುಸುಳಿ, ನೀಲಿ ಮೆಲ್ಲಗೆ ತೆಳುವಾಗಿ ಬಿಳಿಗೆ ಸೇರಿರುತ್ತದೆ. ಕ್ಲೇ ಬಣ್ಣವನ್ನು ಬಟ್ಟೆಯಂತೆ ಹೀರುವುದಿಲ್ಲವಾದ್ದರಿಂದ ಆ ತೆಳು ಅಂಚನ್ನು ನಾವೇ ಕಟ್ಟಬೇಕು.

ನಾನು ನೀಲಿ ತಿರುಳಿಗೆ ಬಿಳಿ ಪದರ ಸುತ್ತಿ, ಅದರ ಮೇಲೆ ಪಾರದರ್ಶಕ ಕ್ಲೇಗೆ ಚಿಟಿಕೆ ನೀಲಿ ಬೆರೆಸಿದ ತೀರಾ ತೆಳುವಾದ ಪದರ, ಕೊನೆಗೆ ಗಾಢ ನೀಲಿ ಪದರ ಸುತ್ತಿ ಕೇನ್ ಮಾಡುತ್ತೇನೆ; ಅಂದರೆ ಅಡ್ಡಕ್ಕೆ ಕತ್ತರಿಸಿದ ಪ್ರತಿ ಬಿಲ್ಲೆಯಲ್ಲೂ ಅದೇ ಚುಕ್ಕೆ ಕಾಣುವ ಉದ್ದ ಕೋಲು. ಒಂದೇ ಕೇನಿನ ಚುಕ್ಕೆಗಳೆಲ್ಲ ಅಚ್ಚೊತ್ತಿದಂತೆ ಒಂದೇ ತೆರನಾಗುವುದರಿಂದ, ಅದನ್ನು ಮೂರು ಭಾಗ ಮಾಡಿ ಮೂರು ದಪ್ಪಕ್ಕೆ ಎಳೆದು, ಕೆಲವನ್ನು ಬೆರಳಲ್ಲಿ ಒತ್ತಿ ತುಸು ಚೌಕವಾಗಿಸಿ, ಬಿಲ್ಲೆಗಳನ್ನು ಬೆರೆಸಿ ಜೋಡಿಸುತ್ತೇನೆ. ಬಿಂದಿಯ ಭಾವ ಹೋದದ್ದು ಈ ಎರಡನೆಯ ಕೆಲಸದಿಂದಲೇ.

ಬಿಳಿಯನ್ನು ಯಾವಾಗಲೂ ನೀಲಿಗಿಂತ ಮೊದಲು ನಾದಿಕೊಳ್ಳಿ. ಕೈಗೆ ಹತ್ತಿದ ನೀಲಿ ಬಿಳಿಯನ್ನು ಕೆಡಿಸುತ್ತದೆ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದು ನಿಜ, ಆದರೆ ಹೊಸಬರಿಗೆ ಕೇನಿಗಿಂತ ಕತಾಜೊಮೆ ಸುಲಭವೆಂದು ನನ್ನ ಅನುಭವ. ಅದು ಬಟ್ಟೆಗೆ ಬಣ್ಣ ಹಾಕುವ ಜಪಾನಿನ ಕೊರೆಯಚ್ಚಿನ (ಸ್ಟೆನ್ಸಿಲ್) ಕಲೆ. ಹಲಸಿನ ಕುಟುಂಬದ ಕೊಜೊ ಗಿಡದ ಕಾಗದಕ್ಕೆ ಪರ್ಸಿಮನ್ ಕಾಯಿಯ ರಸ ಬಳಿದು ಗಟ್ಟಿ ಮಾಡಿ, ಅದರಲ್ಲಿ ವಿನ್ಯಾಸ ಕೊರೆದು, ರಂಧ್ರಗಳ ಮೂಲಕ ಅಕ್ಕಿಯ ಅಂಟನ್ನು ಬಟ್ಟೆಗೆ ಬಳಿಯುತ್ತಾರೆ. ಅಂಟು ಕೂತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಆದ್ದರಿಂದ ಕೊರೆದ ಭಾಗವೇ ಬಿಳಿಯಾಗುತ್ತದೆ. ನಾನು ಇದನ್ನು ಮರೆತು ಬಿಳಿ ಕ್ಲೇ ಮೇಲೆ ನೀಲಿ ಬಳಿದು, ವಿನ್ಯಾಸವೆಲ್ಲ ತಿರುವುಮುರುವಾಗಿ, ಒಂದು ತಟ್ಟೆ ತುಂಬ ಕೆಲಸ ವ್ಯರ್ಥವಾಯಿತು. ಹಾಗಾಗಿ ನೀಲಿ ಕ್ಲೇ ಹಾಳೆಯ ಮೇಲೆ ಕೊರೆಯಚ್ಚಿಟ್ಟು ಬಿಳಿ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ಒಣಒಣವಾಗಿ ತಟ್ಟಿ, ಪೂರ್ತಿ ಒಣಗಿದ ಮೇಲಷ್ಟೇ ಬೇಯಿಸಿ.

ಬೇಯಿಸುವಾಗ ಓವನ್ನಿನ ತಾಪದ ಗುಂಡಿಯನ್ನು ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ನನ್ನ ಒಟಿಜಿ ಓವನ್ 130 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸುವಾಗ ಒಳಗೆ 150 ಇತ್ತು. ಬಿಳಿಯೆಲ್ಲ ಚಹಾದ ಕಲೆಯ ಬಣ್ಣಕ್ಕೆ ತಿರುಗಿತು. ಪೊಟ್ಟಣದ ಮೇಲೆ ಬರೆದ ತಾಪವನ್ನೇ ಪಾಲಿಸಿ, ಮೇಲೆ ಫಾಯಿಲ್ ಮುಚ್ಚಿ. ಈ ಕ್ಲೇ ಮೂಲತಃ ಪಿವಿಸಿ. ಸುಟ್ಟರೆ ಹೊರಡುವ ಹೊಗೆ ಕಣ್ಣು, ಗಂಟಲಿಗೆ ಹಾನಿಕರ, ಹಾಗಾಗಿ ಕಿಟಕಿ ತೆರೆದಿರಲಿ.