ಸ್ಟ್ರೋಕ್ ಆದ ಮೇಲೆ ಕೈ ಬರಲು ರೋಬೋಟ್ ಥೆರಪಿ ಬೇಕಾ, ಊರಿನ ಫಿಸಿಯೋ ಸಾಕಾ? ಅನುಭವ ಇದ್ದವರು ಹೇಳಿ

ಮಧುಗಿರಿ ಮಗ:
ಅಪ್ಪನಿಗೆ 61 ವರ್ಷ, ಶುಗರ್ ಇದೆ. ಯುಗಾದಿ ಕಳೆದ ಮೇಲೆ ಲಕ್ವ ಹೊಡೆಯಿತು. ಈಗ ಕೋಲು ಹಿಡಿದು ಕೊಟ್ಟಿಗೆಯವರೆಗೂ ನಡೆಯುತ್ತಾರೆ. ಬಲಗೈ ಮಾತ್ರ ಸ್ವಾಧೀನಕ್ಕೆ ಬಂದಿಲ್ಲ. ಭುಜ ಒಂದಿಷ್ಟು ಎತ್ತುತ್ತಾರೆ, ಬೆರಳು ಮಡಚಿಕೊಂಡೇ ಇವೆ, ತಾವಾಗಿ ಬಿಚ್ಚಲು ಆಗುವುದಿಲ್ಲ. ಫಿಸಿಯೋ ವಾರಕ್ಕೆ ಮೂರು ಸಲ ಮನೆಗೆ ಬಂದು ಅರ್ಧ ಗಂಟೆ ಮಾಡಿಸುತ್ತಾರೆ, ಸಲಕ್ಕೆ ₹400. ಬೆಂಗಳೂರಿನ ಒಂದು ಸೆಂಟರ್‌ನವರು ಕೈ ಹಿಡಿದು ಆಡಿಸುವ ರೋಬೋಟ್ ಮಷೀನಿನ ಪ್ಯಾಕೇಜ್‌ಗೆ ₹1,20,000 ಹೇಳಿದ್ದಾರೆ. ಅಡಿಕೆ ದುಡ್ಡು ಕೈಯಲ್ಲಿದೆ, ಹಾಕಬಹುದು. ಆದರೆ ಅಪ್ಪ ಊರು ಬಿಟ್ಟು ಇರುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಗುಬ್ಬಿ:
ಹಾಕಿ ಸ್ವಾಮಿ, ಯೋಚನೆ ಮಾಡಬೇಡಿ. ನನ್ನ ಹೆಂಡತಿಗೆ ಹಾಕಿದ್ದೇನೆ. ಪ್ಯಾಕೇಜ್ ₹1,45,000. ಅದಷ್ಟೇ ಅಂದುಕೊಂಡರೆ ಕೆಟ್ಟಿರಿ. ಪಿಜಿ ರೂಮು ತಿಂಗಳಿಗೆ ₹11,500, ಲಿಫ್ಟ್ ಇಲ್ಲದ್ದಕ್ಕೆ ಕೆಳಗಿನ ರೂಮು ಬೇಕು ಅಂದರೆ ₹2,000 ಮೇಲೆ. ಆಟೋ ಒಂದು ಕಡೆಗೆ ₹140, ಮಳೆ ಬಂದರೆ ₹220. ನೋಡಿಕೊಳ್ಳುವ ಹೆಂಗಸಿಗೆ ದಿನಕ್ಕೆ ₹900, ಊಟ ನಮ್ಮದೇ. ಕೈಗೆ ಹಾಕುವ ಸ್ಪ್ಲಿಂಟ್ ₹3,800, ಅದರ ವೆಲ್ಕ್ರೋ ಬೇಗ ಹೋಯಿತು, ಬೇರೆ ಹಾಕಲು ₹250. ಬಿಲ್ಲಿನಲ್ಲಿ ಮೊದಲು ಅಸೆಸ್‌ಮೆಂಟ್ ₹2,500, ಕೊನೆಗೆ ರೀ-ಅಸೆಸ್‌ಮೆಂಟ್ ಅಂತ ಮತ್ತೆ ₹2,500. ಅದೇ ಹುಡುಗಿ, ಅದೇ ಹಾಳೆ! ಆದರೂ ಕೊಟ್ಟೆ. ಕೈ ಎಷ್ಟು ಆಡುತ್ತದೆ ಅಂತ ಅಳೆಯುವ ಸ್ಕೋರ್ 66ಕ್ಕೆ 19 ಇದ್ದದ್ದು 27 ಆಯಿತು. ಈಗ ಮೊಣಕೈ ನೇರ ಮಾಡಿ ಮೇಜಿನ ಮೇಲಿನ ಚೊಂಬನ್ನು ಆಚೆಗೆ ದೂಡುತ್ತಾಳೆ. ಯಾರು ಏನೇ ಹೇಳಲಿ, ನನಗೆ ದುಡ್ಡು ವಸೂಲ್.

ಕೋಲಾರ ಫಿಸಿಯೋ:
ಗುಬ್ಬಿ ಸರ್, 8 ಅಂಕ ಬಂದದ್ದು ಸಂತೋಷ. ಆದರೆ ರೋಬೋಟಿನಿಂದಲೇ ಬಂತು ಅಂತ ಹೇಗೆ ಹೇಳುತ್ತೀರಿ? 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ರ‍್ಯಾಟಲ್ಸ್ ಅನ್ನುವ ಅಧ್ಯಯನ ಬಂತು. ಬ್ರಿಟನ್ನಿನ 770 ಜನ. ಒಂದು ಗುಂಪಿಗೆ ರೋಬೋಟ್. ಇನ್ನೊಂದಕ್ಕೆ ಅಷ್ಟೇ ಹೊತ್ತು ಥೆರಪಿಸ್ಟ್ ಮುಂದೆ ಕೂತು ಕೈಕೆಲಸದ ಅಭ್ಯಾಸ. ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ. ರೋಬೋಟಿನವರ ಕೈ ಮಾಮೂಲಿಯವರಿಗಿಂತ ಜಾಸ್ತಿ ಕೆಲಸಕ್ಕೆ ಬರಲಿಲ್ಲ. ಕಾಲಿನ ಕಥೆಯೂ ಹಾಗೇ. 2011ರಲ್ಲಿ ಅಮೆರಿಕದ 408 ಜನರ ಮೇಲೆ ಮಾಡಿದ ಲೀಪ್ಸ್ ಅಧ್ಯಯನದಲ್ಲಿ, ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದವರೂ ಮನೆಯಲ್ಲಿ ಫಿಸಿಯೋ ಹತ್ತಿರ ವ್ಯಾಯಾಮ ಮಾಡಿದವರೂ ವರ್ಷದ ಹೊತ್ತಿಗೆ ಒಂದೇ ಮಟ್ಟಕ್ಕೆ ಬಂದರು.
ಆದರೆ ನಮ್ಮ ಜನಕ್ಕೆ ಸ್ನಾಯುವಿಗೆ ಕರೆಂಟ್ ಕೊಡುವ ಮಷೀನು ಬೇಕು. ಒಂದು ಗಂಟೆ ಲೋಟ ಹಿಡಿಸಿ, ಇಡಿಸಿ, ಮತ್ತೆ ಹಿಡಿಸಿ ಬೆನ್ನು ಬಿದ್ದುಹೋಗಿರುತ್ತದೆ, ಬಾಗಿಲ ಹತ್ತಿರ ಕೇಳುತ್ತಾರೆ: "ಇವತ್ತು ಕರೆಂಟ್ ಕೊಡಲಿಲ್ವಾ?"

ಗುಬ್ಬಿ:
ಬ್ರಿಟನ್ನಿನ 770 ಜನರಲ್ಲಿ ನನ್ನ ಹೆಂಡತಿ ಇರಲಿಲ್ಲ. ನೀವು ಮೊದಲು ಹತ್ತು ನಿಮಿಷ ಕರೆಂಟ್ ಹಿಡಿದು ₹500 ಇಸಿದುಕೊಂಡು ಹೋಗುವ ನಿಮ್ಮವರಿಗೆ ಬುದ್ಧಿ ಹೇಳಿ.

ಶಿಡ್ಲಘಟ್ಟ ಸೊಸೆ:
ಜಗಳ ಸಾಕು. ನಾವು ರೋಬೋಟೂ ಇಲ್ಲ ಏನೂ ಇಲ್ಲದೆ ಅತ್ತೆಯ ಕೈ ತಂದುಕೊಂಡಿದ್ದೇವೆ. ಸರಿ ಇರುವ ಕೈಯನ್ನು ಚೀಲದಲ್ಲಿ ಹಾಕಿ ಕಟ್ಟಿಡುವುದು, ಬಿದ್ದ ಕೈಯಲ್ಲೇ ಎಲ್ಲ ಕೆಲಸ ಮಾಡಿಸುವುದು. ಇದನ್ನು ಕಂಡುಹಿಡಿದದ್ದು ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಟೌಬ್. ಅವರು ಮೊದಲು ಕೋತಿಗಳಲ್ಲಿ ನೋಡಿದ್ದು: ಒಂದು ಕೈ ಕೆಲಸ ಮಾಡದಿದ್ದರೆ ಪ್ರಾಣಿ ಅದನ್ನು ಮರೆತೇ ಬಿಡುತ್ತದೆ, ಆಮೇಲೆ ಶಕ್ತಿ ಬಂದರೂ ಬಳಸುವುದಿಲ್ಲ. 2006ರಲ್ಲಿ 222 ಸ್ಟ್ರೋಕ್ ರೋಗಿಗಳ ಮೇಲೆ ಎಕ್ಸೈಟ್ ಅಂತ ದೊಡ್ಡ ಪರೀಕ್ಷೆ ಬಂತು. ಎರಡು ವಾರ, ಎಚ್ಚರ ಇರುವ ಹೊತ್ತಿನಲ್ಲಿ ನೂರಕ್ಕೆ 90 ಭಾಗ ಒಳ್ಳೆಯ ಕೈ ಚೀಲದಲ್ಲಿ. ಕೈ ಸುಧಾರಿಸಿದ್ದು ಒಂದು ವರ್ಷದ ನಂತರವೂ ಉಳಿದಿತ್ತು.
ನಾವು ಹಳೇ ಪಂಚೆಯಲ್ಲಿ ಚೀಲ ಹೊಲಿದೆವು. ಖರ್ಚು ದಾರ ಮಾತ್ರ. ಅತ್ತೆಗೆ ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ರೇಷ್ಮೆ ಗೂಡು ಬಿಡಿಸುವ ಕೆಲಸ ಕೊಟ್ಟೆವು. ಹೆಬ್ಬೆರಳು ತೋರುಬೆರಳಲ್ಲಿ ಗೂಡು ಹಿಡಿಯಬೇಕು, ಅಂಟಿದ ಎಳೆ ಬಿಡುವ ಹಾಗೆ ಸ್ವಲ್ಪ ತಿರುಚಿ ಎಳೆಯಬೇಕು. ಜೋರಾಗಿ ಅಮುಕಿದರೆ ಒಳಗಿನ ಹುಳು ಒಡೆದು ಗೂಡಿಗೆ ಕಲೆ ಬೀಳುತ್ತದೆ, ಅದನ್ನು ಮಾರ್ಕೆಟ್‌ನಲ್ಲಿ ಯಾರೂ ಮೂಸುವುದಿಲ್ಲ. ಮೊದಮೊದಲು ಬುಟ್ಟಿ ತುಂಬಾ ಕಲೆ ಗೂಡೇ. ಆಮೇಲಾಮೇಲೆ ಬೆರಳು ತಾನೇ ಎಷ್ಟು ಹಿಡಿಯಬೇಕು ಅಂತ ಕಲಿಯಿತು. ಮಗ ಸೊಸೆ ಸೇರಿಕೊಂಡು ಕೈ ಕಟ್ಟಿ ಹಾಕಿದ್ದಾರೆ ಅಂತ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಬೈದರು. ಬೈಯಲಿ ಬಿಡಿ. ಈಗ ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಾರೆ.

ಕೋಲಾರ ಫಿಸಿಯೋ:
ಅಕ್ಕ, ಒಳ್ಳೆ ಕೆಲಸ ಮಾಡಿದಿರಿ. ಆದರೆ ಆ ಪರೀಕ್ಷೆಗೆ ಸೇರಬೇಕಾದರೆ ಮಣಿಕಟ್ಟು, ಹೆಬ್ಬೆರಳು, ಇನ್ನೆರಡು ಬೆರಳು ಕನಿಷ್ಠ 10 ಡಿಗ್ರಿ ತಾವಾಗಿ ಬಿಚ್ಚಬೇಕಿತ್ತು. ಪೋಸ್ಟ್ ಹಾಕಿದ ತಮ್ಮನ ಅಪ್ಪನಿಗೆ ಬೆರಳೇ ಬಿಚ್ಚುವುದಿಲ್ಲ. ಮೇಲಾಗಿ ಅವರು ಕೋಲು ಹಿಡಿಯುವುದು ಎಡಗೈಯಲ್ಲಿ. ಅದನ್ನೇ ಚೀಲಕ್ಕೆ ಹಾಕಿ ನಡೆಸಿದರೆ ಸೊಂಟ ಮುರಿಯುತ್ತದೆ ಅಷ್ಟೇ.

ಮುಳಬಾಗಿಲು:
ನಾಟಿ ಔಷಧಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ ಯಾಕೆ? ನಮ್ಮ ಚಿಕ್ಕಪ್ಪನನ್ನು ಆಂಧ್ರದ ಗಡಿ ದಾಟಿ ಒಂದು ಹಳ್ಳಿಗೆ ಕರೆದುಕೊಂಡು ಹೋದೆವು. ಔಷಧಿ ₹300, ಎಣ್ಣೆ ₹450, ಬಾಡಿಗೆ ಕಾರು ₹3,200. ಬದನೆಕಾಯಿ, ಮೊಟ್ಟೆ, ಮೀನು ಪಥ್ಯ. ಮನೆಗೆ ಬಂದು ಪಾರಿವಾಳದ ರಕ್ತವನ್ನೂ ಹಚ್ಚಿದೆವು, ಜೋಡಿ ₹350. ಚಿಕ್ಕಪ್ಪ ಈಗ ಸಂತೆಗೆ ನಡೆದುಕೊಂಡು ಹೋಗುತ್ತಾರೆ. ನಗುವವರು ನಗಲಿ.

ಶಿಡ್ಲಘಟ್ಟ ಸೊಸೆ:
ಪಾರಿವಾಳ ಏನು ಪಾಪ ಮಾಡಿತ್ತು ಅಣ್ಣ.

ಕೋಲಾರ ಫಿಸಿಯೋ:
ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೂ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಆಗ ಪಕ್ಕದಲ್ಲಿ ಯಾರು ಕೂತಿದ್ದರೋ ಅವರಿಗೆ ಹೆಸರು. ಎಣ್ಣೆಯವನಿಗೂ ಬರುತ್ತದೆ, ನನಗೂ ಬರುತ್ತದೆ. ಅದಕ್ಕೇ ಈ ಪರೀಕ್ಷೆಗಳಲ್ಲಿ ಎರಡು ಗುಂಪು ಇಡುವುದು. ಬಿಪಿ ಮಾತ್ರೆ ನಿಲ್ಲಿಸಿ ಅಂದರಾ ಅಲ್ಲಿ?

ಮುಳಬಾಗಿಲು:
ಅಂದರು. ನಾವು ನಿಲ್ಲಿಸಲಿಲ್ಲ. ನಮಗೂ ತಲೆ ಇದೆ. ಮಾತೆತ್ತಿದರೆ ಲ್ಯಾನ್ಸೆಟ್ ಅನ್ನುವ ನೀವು ಹಳ್ಳಿಯವರನ್ನು ದಡ್ಡರು ಅಂದುಕೊಳ್ಳಬೇಡಿ.

ತಿಪಟೂರು:
ಲ್ಯಾನ್ಸೆಟ್ ಅಂದದ್ದಕ್ಕೆ ಹೇಳುತ್ತೇನೆ. ಮನೆಯವರೇ ವ್ಯಾಯಾಮ ಮಾಡಿಸಿದರೆ ಸಾಕು, ದುಡ್ಡು ದಂಡ ಅಂತ ನನ್ನ ತಂಗಿ ಗಂಡ ಈಗಲೂ ಎಲ್ಲರ ಮುಂದೆ ಆಡಿಕೊಳ್ಳುತ್ತಾನೆ. ನಾನು ಅಮ್ಮನಿಗೆ ದಿನಾ ಫಿಸಿಯೋ ಇಟ್ಟೆ, ತಿಂಗಳಿಗೆ ₹13,500, ಕೊಬ್ಬರಿ ರೇಟು ಬಿದ್ದ ವರ್ಷ. ಕಾಲಿಗೆ ಎಎಫ್‌ಒ, ಅಂದರೆ ಪಾದ ಜೋಲದಂತೆ ಹಿಡಿಯುವ ಪಟ್ಟಿ, ₹4,200, ಅದು ಹಿಮ್ಮಡಿ ಉಜ್ಜಿ ಗಾಯ ಆಯಿತು, ಡ್ರೆಸ್ಸಿಂಗ್‌ಗೆ ₹150, ಮತ್ತೆ ಅಳತೆ ಕೊಟ್ಟು ಇನ್ನೊಂದು ₹4,200. ಅವನು ಒಂದು ರೂಪಾಯಿ ಬಿಚ್ಚಲಿಲ್ಲ. ಈಗ ಕೇಳಿ: ಮನೆಯವರಿಗೇ ಕಲಿಸಿ ಮಾಡಿಸಿದರೆ ಏನಾಗುತ್ತದೆ ಅಂತ ನಮ್ಮ ಇಂಡಿಯಾದಲ್ಲೇ ನೋಡಿದ್ದಾರೆ. ಅಟೆಂಡ್ ಅಂತ ಅಧ್ಯಯನ, 2017, 14 ಆಸ್ಪತ್ರೆ, 1250 ರೋಗಿಗಳು. ಆರು ತಿಂಗಳಾದ ಮೇಲೆ ತೀರಿಕೊಂಡವರು, ಇನ್ನೊಬ್ಬರ ಆಸರೆಯಲ್ಲೇ ಉಳಿದವರು ಸೇರಿ, ಮನೆಯವರಿಗೆ ಕಲಿಸಿದ ಗುಂಪು, ಕಲಿಸದ ಗುಂಪು ಎರಡರಲ್ಲೂ ನೂರಕ್ಕೆ 47. ಏನೂ ವ್ಯತ್ಯಾಸ ಇಲ್ಲ. ತಂಗಿ ಗಂಡ ಇದನ್ನು ಓದಲಿ ಅಂತಲೇ ಹಾಕುತ್ತಿದ್ದೇನೆ.

ಶಿಡ್ಲಘಟ್ಟ ಸೊಸೆ:
ಅಂದರೆ ನಾವು ಮಾಡಿದ್ದು ಸುಮ್ನೆ ಅಂತಲಾ? ನಮ್ಮ ಮನೆಗೆ ಬಂದು ನೋಡಿ ಮಾತಾಡಿ.

ಕೋಲಾರ ಫಿಸಿಯೋ:
ಇಬ್ಬರೂ ಸ್ವಲ್ಪ ತಡೀರಿ. ಆ ಇನ್ನೊಂದು ಗುಂಪನ್ನೇನೂ ಮೂಲೆಯಲ್ಲಿ ಮಲಗಿಸಿರಲಿಲ್ಲ, ಮಾಮೂಲಿ ಚಿಕಿತ್ಸೆ ಅವರಿಗೂ ಇತ್ತು. ಅಳೆದದ್ದು ಸಾವು ಮತ್ತು ಅವಲಂಬನೆ, ಗೂಡು ಬಿಡಿಸುವ ಬೆರಳನ್ನಲ್ಲ. ಸಂಬಳದ ಫಿಸಿಯೋನೇ ಮೇಲು ಅಂತಲೂ ಅದರಲ್ಲಿ ಎಲ್ಲೂ ಇಲ್ಲ. ನಿಮ್ಮ ಮನೆ ಜಗಳಕ್ಕೆ ಅದು ಸಾಕ್ಷಿ ಹೇಳುವುದಿಲ್ಲ.
ನನ್ನ ಲೆಕ್ಕ ಬೇರೆ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಕೈಗೇ ಅಂತ ಒಂದು ಕಾರ್ಯಕ್ರಮ ಇದೆ, 2019ರಲ್ಲಿ ವರದಿ ಬಂತು. ಮೂರು ವಾರದಲ್ಲಿ 90 ಗಂಟೆ. ಸ್ಟ್ರೋಕ್ ಆಗಿ ವರ್ಷ ಕಳೆದವರ ಕೈಯೂ ಸುಧಾರಿಸಿತು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ವಾರಕ್ಕೆ 30 ಗಂಟೆ ಎಲ್ಲಿ, ಮಧುಗಿರಿಯ ಒಂದೂವರೆ ಗಂಟೆ ಎಲ್ಲಿ? ₹1,20,000 ಕೊಡುವ ಮುಂಚೆ ಸೆಂಟರ್‌ನವರನ್ನು ಕೇಳಬೇಕಾದ್ದು ಒಂದೇ: ಒಟ್ಟು ಎಷ್ಟು ಗಂಟೆ, ಅದರಲ್ಲಿ ಅಪ್ಪ ತಾವೇ ಕೈ ಆಡಿಸುವುದು ಎಷ್ಟು ಹೊತ್ತು.

ಗುಬ್ಬಿ:
ಆಸ್ಪತ್ರೆಯವರು ಮೊದಲ ದಿನವೇ ಎಬ್ಬಿಸಿ ನಡೆಸಿದ್ದರೆ ನಮಗೆ ರೋಬೋಟೇ ಬೇಕಿರಲಿಲ್ಲ. ಮಲಗಿಸಿಯೇ ಕೆಡಿಸಿದರು.

ಕೋಲಾರ ಫಿಸಿಯೋ:
ಅದನ್ನೂ ನೋಡಿ ಆಗಿದೆ. ಅವರ್ಟ್ ಅನ್ನುವ ಅಧ್ಯಯನ, 2015, ಐದು ದೇಶ, 2104 ಜನ. 24 ಗಂಟೆಯೊಳಗೆ ಎಬ್ಬಿಸಿ ಪದೇ ಪದೇ ಓಡಾಡಿಸಿದವರ ಸ್ಥಿತಿ ಮೂರು ತಿಂಗಳಿಗೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಇತ್ತು.

ಗುಬ್ಬಿ:
ನಿಮ್ಮ ಹತ್ತಿರ ಎಲ್ಲದಕ್ಕೂ ಒಂದು ಇಸವಿ ಇರುತ್ತೆ ಬಿಡಿ.

ಕೆಜಿಎಫ್ ಅಪ್ಪ:
ನಿಮ್ಮದೆಲ್ಲ ಸ್ಟ್ರೋಕ್. ನನ್ನ ಮಗನಿಗೆ ಬೈಕ್ ಬಿದ್ದು ತಲೆಗೆ ಪೆಟ್ಟು. 23 ವರ್ಷ, ಹೆಲ್ಮೆಟ್ ಮನೆಯಲ್ಲಿತ್ತು. ಅತ್ತೆ ಬೈದರು ಅಂತ ಬರೆದಿದ್ದೀರಿ, ನನ್ನ ಮಗ ಕಚ್ಚುತ್ತಾನೆ. ಒಬ್ಬ ಫಿಸಿಯೋ ಹೇಳದೆ ಕೇಳದೆ ಬಿಟ್ಟು ಹೋದ. ಕಾಲು ತುದಿಬೆರಳ ಮೇಲೆ ಬಿಗಿದು ನಿಂತಿತು, ಬಿಗಿತ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್‌ಗೆ ₹19,000, ಮೂರು ತಿಂಗಳಿಗೆ ಮತ್ತೆ ಬಿಗಿತ. ಆಮೇಲೆ ಪ್ಲಾಸ್ಟರ್ ಹಾಕಿ ಸ್ವಲ್ಪ ಸ್ವಲ್ಪ ನೇರ ಮಾಡಿದರು, ಒಂದು ಪ್ಲಾಸ್ಟರ್‌ಗೆ ₹1,800. ಅಮಂಟಡಿನ್ ಮಾತ್ರೆ ಕೊಟ್ಟ ಮೇಲೆ ಕಣ್ಣು ನಮ್ಮ ಹಿಂದೆ ಬರತೊಡಗಿತು. ತಲೆಪೆಟ್ಟು ಬಿದ್ದು ಪ್ರಜ್ಞೆ ಪೂರ್ತಿ ಬಾರದ 184 ಜನರಿಗೆ ಕೊಟ್ಟು ನೋಡಿ 2012ರಲ್ಲಿ ಬರೆದಿದ್ದಾರಂತೆ, ಮಾತ್ರೆ ತಿನ್ನುವಷ್ಟು ದಿನ ಚೇತರಿಕೆ ಬೇಗ ಅಂತ. ಗಮನವೇ ನಿಲ್ಲದ ಹುಡುಗನಿಗೆ ವಾರಕ್ಕೆ 30 ಗಂಟೆ ಮಾಡಿಸಿ ಅನ್ನುವವರು ಒಂದು ದಿನ ಬಂದು ಮಾಡಿಸಲಿ. ಬೆಳಗಿನ ಮಾರಿಕುಪ್ಪಂ ಗಾಡಿಯಲ್ಲಿ ಇವನನ್ನು ಎತ್ತಿಕೊಂಡು ನಿಮ್ಹಾನ್ಸ್‌ಗೆ ಹೋಗುವುದು ನರಕ. ಅಲ್ಲಿ ನ್ಯೂರೋ ರಿಹ್ಯಾಬ್ ವಿಭಾಗವೇ ಇದೆ, ಕೆಲಸ ಚೆನ್ನಾಗಿದೆ. ತಲುಪುವುದೇ ಕಷ್ಟ.

ಮುಳಬಾಗಿಲು:
ಆ ಗಾಡಿಯಲ್ಲಿ ಯಾಕೆ ಹೋಗುತ್ತೀರಿ? ಬಸ್ಸಿಗೆ ಹೋಗಿ.

ಕೆಜಿಎಫ್ ಅಪ್ಪ:
ಬಸ್ಸಿನ ಮೆಟ್ಟಿಲು ನೋಡಿದ್ದೀರಾ? ಸುಮ್ನೆ ಸಲಹೆ ಕೊಡಬೇಡಿ.

ಗುಬ್ಬಿ:
ಯಾರಿಗಾದರೂ ವಾಕರ್ ಬೇಕಾ? ಹೆಂಡತಿಗೆ ತಂದದ್ದು, ಬಳಸಿಯೇ ಇಲ್ಲ. ₹900. ಮಧುಗಿರಿಯವರಿಗೆ ಆಗುತ್ತೆ ನೋಡಿ.

ಕೋಲಾರ ಫಿಸಿಯೋ:
ವಾಕರ್‌ಗೆ ಎರಡೂ ಕೈ ಬೇಕು ಸರ್. ನಿಮ್ಮ ಮನೆಯಲ್ಲೂ ಬಳಸದೆ ಉಳಿದದ್ದು ಅದಕ್ಕೇ. ನಾಲ್ಕು ಕಾಲಿನ ಕೋಲಿದ್ದರೆ ಹೇಳಿ.

ಗುಬ್ಬಿ:
ಅದೂ ಇದೆ. ₹550.

ತಿಪಟೂರು:
ಹೊಸದೇ ₹600 ಗುರು. ರಬ್ಬರ್ ಬುಷ್ ಸವೆದಿಲ್ಲ ತಾನೆ? ಒಂದು ಫೋಟೋ ಹಾಕಿ.