‘ಕ್ಲಚ್ ಹಿಡಿಯುತ್ತಿಲ್ಲ’ ಎಂದರೆ ಯಾವ ದೋಷ?

ಪ್ರಶ್ನೆ

ಪಿಕಪ್ ಗಾಡಿಗಳ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಕೆಲಸ ಮಾಡುವ) ಕ್ಲಚ್ ದೋಷ ಪತ್ತೆಗೆ ಕನ್ನಡ ಕೈಪಿಡಿಯೊಂದರ ಕರಡು ಸಿದ್ಧವಾಗುತ್ತಿದೆ. ಅದರಲ್ಲಿ ‘ಕ್ಲಚ್ ಹಿಡಿಯುತ್ತಿಲ್ಲ’ ಎಂಬ ಮಾತು ಎರಡು ಕಡೆ ಬಂದಿದೆ. ಒಂದು ಕಡೆ ಗೇರ್ ಬೀಳದಿರುವುದಕ್ಕೆ, ಇನ್ನೊಂದು ಕಡೆ ಎಂಜಿನ್ ರೇಸ್ ಆದರೂ ಗಾಡಿ ಎಳೆಯದಿರುವುದಕ್ಕೆ. ಎರಡೂ ಬಳಕೆಯಲ್ಲಿವೆ. ಯಾವುದನ್ನು ಉಳಿಸಿಕೊಳ್ಳುವುದು? ಪೆಡಲ್ ‘ಮೆತ್ತಗಿದೆ’, ‘ಸಡಿಲವಾಗಿದೆ’, ‘ಹಗುರಾಗಿದೆ’ ಎನ್ನುವುದನ್ನು ಒಂದರ ಬದಲು ಇನ್ನೊಂದು ಬಳಸಬಹುದೇ? ‘ಕ್ಲಚ್ ಆಯಿಲ್’ ಎಂದೇ ಬರೆದರೆ ತಪ್ಪೇ?

ಉತ್ತರ

ಎರಡನ್ನೂ ಬಿಡಿ. ‘ಕ್ಲಚ್ ಹಿಡಿ’ ಅನ್ನುವುದು ಚಾಲಕನ ಮಾತು. ಲಿವರನ್ನೋ ಪೆಡಲನ್ನೋ ಒತ್ತು ಎಂದು ಅರ್ಥ. ಆ ದಾರಿಯಲ್ಲಿ ಹೋದರೆ ‘ಹಿಡಿಯುತ್ತಿಲ್ಲ’ ಎಂದಾಗ ಪೆಡಲ್ ಒತ್ತಿದರೂ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತಿಲ್ಲ ಎಂದಾಗುತ್ತದೆ. ಮೆಕ್ಯಾನಿಕ್ ಅದೇ ಮಾತನ್ನು ಕ್ಲಚ್ ಪ್ಲೇಟಿಗೆ ಹಚ್ಚಿ ಹೇಳುತ್ತಾನೆ: ಪ್ಲೇಟ್ ಫ್ಲೈವೀಲನ್ನು (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಹಿಡಿಯುತ್ತಿಲ್ಲ, ಜಾರುತ್ತಿದೆ. ಒಂದೇ ವಾಕ್ಯ, ತದ್ವಿರುದ್ಧ ದೋಷ. ‘ಕ್ಲಚ್ ಬಿಡುತ್ತಿಲ್ಲ’ ಎಂಬುದಕ್ಕೂ ಇದೇ ಗತಿ. ಆದ್ದರಿಂದ ಕ್ರಿಯಾಪದದ ಮುಂದೆ ‘ಕ್ಲಚ್’ ಇಡದೆ ‘ಪ್ಲೇಟ್’ ಇಡಿ: ‘ಪ್ಲೇಟ್ ಬಿಡುತ್ತಿಲ್ಲ’, ‘ಪ್ಲೇಟ್ ಜಾರುತ್ತಿದೆ’. ಕಾಲಿನ ಕೆಲಸಕ್ಕೆ ‘ಒತ್ತಿ’, ‘ಕಾಲು ತೆಗೆಯಿರಿ’ ಸಾಕು.

ಈ ಎರಡನ್ನು ಬೇರ್ಪಡಿಸುವ ಪರೀಕ್ಷೆಯನ್ನೂ ಅದೇ ಮಾತಿನಲ್ಲಿ ಬರೆಯಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ. ಎಂಜಿನ್ ಐಡಲ್‌ನಲ್ಲಿರುವಾಗ ಪೆಡಲ್ ಪೂರ್ತಿ ಒತ್ತಿ, ಐದು ಎಣಿಸಿ ರಿವರ್ಸ್ ಹಾಕಿ. ಕರಕರ ಸದ್ದು ಬಂದರೆ ಪ್ಲೇಟ್ ಬಿಡುತ್ತಿಲ್ಲ. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸಿಗೆ ಸಿಂಕ್ರೊನೈಸರ್ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಭಾಗ) ಇರುವುದಿಲ್ಲ, ಹಾಗಾಗಿ ದೋಷ ಮೊದಲು ಅಲ್ಲೇ ಕೇಳಿಸುತ್ತದೆ. ಜಾರುವುದನ್ನು ನೋಡಲು ಬ್ರೇಕ್ ಬಿಗಿಯಾಗಿ ಒತ್ತಿಕೊಂಡು ಟಾಪ್ ಗೇರ್ ಹಾಕಿ, ಎಂಜಿನ್ ವೇಗ 1500ರಿಂದ 2000 ಆರ್‌ಪಿಎಂಗೆ ಏರಿಸಿ, ಕ್ಲಚ್ ಮೇಲಿನ ಕಾಲನ್ನು ನಿಧಾನವಾಗಿ ತೆಗೆಯಿರಿ. ಎಂಜಿನ್ ಆಫ್ ಆಗಬೇಕು. ಆಗದೆ ಉರಿಯುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಈ ಪರೀಕ್ಷೆ ಒಂದು ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಫ್ಲೈವೀಲ್ ಸುಡುತ್ತದೆ.

ಪೆಡಲ್ಲಿನ ಮೂರು ಪದಗಳನ್ನು ಖಂಡಿತ ಬೆರೆಸಬೇಡಿ. ‘ಮೆತ್ತಗೆ’ ಎಂದರೆ ಸ್ಪಂಜಿನಂತೆ ಕುಗ್ಗುವುದು: ಪೈಪಿನಲ್ಲಿ ಗಾಳಿ ಇದೆ, ಅಥವಾ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ‘ಸಡಿಲ’ ಎನ್ನುವುದು ಒತ್ತಡ ಶುರುವಾಗುವ ಮೊದಲಿನ ಖಾಲಿ ಚಲನೆಗೆ, ಅಂದರೆ ಫ್ರೀ ಪ್ಲೇಗೆ, ಮೀಸಲಿರಲಿ. ಅದು ಹೆಚ್ಚಾಗಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ಪೈಪಿಗೆ ತಳ್ಳುವ ಸಿಲಿಂಡರ್) ಪುಶ್‌ರಾಡ್ ಅಥವಾ ಪೆಡಲ್ ಪಿನ್ನಿನ ಸವೆತ ನೋಡಬೇಕು. ‘ಹಗುರ’ ಎಂದರೆ ಎದುರೊತ್ತೇ ಇಲ್ಲದಿರುವುದು. ದ್ರವ ಖಾಲಿಯಾಗಿದೆ, ಇಲ್ಲವೇ ಕಪ್ ಸೀಲ್ (ಸಿಲಿಂಡರ್ ಒಳಗಿನ ರಬ್ಬರ್ ಸೀಲ್) ಪೂರ್ತಿ ಹೋಗಿದೆ.

ಕರಡಿನಲ್ಲಿ ನಾಲ್ಕನೆಯ ಪದವೊಂದು ಬೇಕೇ ಬೇಕು: ‘ಇಳಿಯುತ್ತದೆ’. ಪೆಡಲನ್ನು ಒತ್ತಿ ಹಿಡಿದಾಗ ಅದು ತಾನಾಗಿ ಮೆಲ್ಲಗೆ ಕೆಳಗೆ ಹೋಗುವುದು. ಪಂಪ್ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತದೆ ಎಂಬ ಲಕ್ಷಣ ಗಾಳಿ ಸೇರಿದಾಗಲೂ ಬರುತ್ತದೆ, ಮಾಸ್ಟರ್ ಸಿಲಿಂಡರಿನ ಕಪ್ ಸವೆದಾಗಲೂ ಬರುತ್ತದೆ. ಪಂಪ್ ಮಾಡಿದ ಮೇಲೆ ಒತ್ತಿ ಹಿಡಿದು ನೋಡಿ. ಗಟ್ಟಿಯಾಗಿ ನಿಂತರೆ ಗಾಳಿಯ ಅನುಮಾನ. ಇಳಿಯತೊಡಗಿದರೆ, ಹೊರಗೆಲ್ಲೂ ತೇವವಿಲ್ಲದಿದ್ದರೆ, ಕಪ್ ದಾಟಿ ದ್ರವ ಹಿಂದಕ್ಕೆ ನುಸುಳುತ್ತಿದೆ. ಇಂಥ ಕಡೆ ರಿಸರ್ವಾಯರ್ (ದ್ರವದ ಡಬ್ಬಿ) ಮಟ್ಟ ಕಡಿಮೆಯಾಗುವುದಿಲ್ಲ. ಬರಿಯ ‘ಲೀಕ್’ ಎಂದು ಬರೆದರೆ ಓದುವವನು ನೆಲದ ಮೇಲಿನ ಹನಿ ಹುಡುಕುತ್ತಾನೆ. ಅದಕ್ಕೆ ‘ಒಳಸೋರಿಕೆ’, ‘ಹೊರಸೋರಿಕೆ’ ಎಂದು ಎರಡಾಗಿಸಿ.

ಹೊರಸೋರಿಕೆಗೆ ನೋಡಬೇಕಾದ ಜಾಗಗಳನ್ನೂ ಹೆಸರಿಸಿ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ದ್ರವ ಕ್ಯಾಬಿನ್ ಒಳಗೆ, ಪೆಡಲ್ ತೋಳಿನ ಮೇಲೆ ಇಳಿಯುತ್ತದೆ. ಸ್ಲೇವ್ ಸಿಲಿಂಡರ್ (ಬಂದ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸಿಲಿಂಡರ್) ಗೇರ್‌ಬಾಕ್ಸಿನ ಹೊರಗಿದ್ದರೆ ಅದರ ರಬ್ಬರ್ ಬೂಟಿನ ಅಂಚನ್ನು ಬೆರಳಿನಿಂದ ಮಡಚಿ ನೋಡಿ. ಒಳಗೆ ನಿಂತಿದ್ದ ಕಪ್ಪು ದ್ರವ ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೇ ಸ್ಲೇವ್ ಕೂತಿರುವ ಗಾಡಿಗಳಲ್ಲಿ ಹನಿ ಹೌಸಿಂಗಿನ ತಳದಿಂದ ಬೀಳುತ್ತದೆ, ರಿಪೇರಿಗೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಸ್ಲೇವ್ ಹೊರಗಿದ್ದರೆ ಅದರ ಪುಶ್‌ರಾಡ್ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂದು ಸ್ಕೇಲ್ ಇಟ್ಟು ಅಳೆದು, ತಯಾರಕರು ಕೊಟ್ಟ ಅಳತೆಗೆ ಹೋಲಿಸಿ. ಚಲನೆ ಪೂರ್ತಿ ಇದ್ದೂ ಪ್ಲೇಟ್ ಬಿಡದಿದ್ದರೆ ಹೈಡ್ರಾಲಿಕ್ ಭಾಗ ನಿರಪರಾಧಿ. ಬಾಗಿದ ಫೋರ್ಕ್ (ಕ್ಲಚ್ ಬಿಡಿಸುವ ತೋಳು), ಅದು ಆತು ತಿರುಗುವ ಪಿವಟ್ ಬಾಲ್‌ನ ಸವೆತ, ತುಕ್ಕಿನಿಂದ ಫ್ಲೈವೀಲಿಗೆ ಅಂಟಿದ ಪ್ಲೇಟ್, ಜಾಮ್ ಆದ ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಬೇರಿಂಗ್) ಇವುಗಳಲ್ಲಿ ಯಾವುದೋ ಒಂದು. ಕರಡಿನಲ್ಲಿ ಈ ಅಳತೆಯ ಹಂತ ಇಲ್ಲದಿದ್ದರೆ ಸೇರಿಸಿ. ಅದಿಲ್ಲದೆ ಸುಮ್ಮನೆ ಸಿಲಿಂಡರ್ ಬದಲಿಸುವವರೇ ಹೆಚ್ಚು.

ಇನ್ನು ‘ಆಯಿಲ್’. ಬಾಯಿಮಾತಿನಲ್ಲಿ ತಪ್ಪಿಲ್ಲ, ಕೈಪಿಡಿಯಲ್ಲಿ ಅಪಾಯ. ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಇರುವುದು ಬ್ರೇಕ್ ಫ್ಲೂಯಿಡ್, ಡಾಟ್ 3 ಅಥವಾ ಡಾಟ್ 4. ‘ಆಯಿಲ್ ಹಾಕಿ’ ಎಂದು ಓದಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲ್‌ಗಳೂ ಹೋಸೂ ಊದಿ ಹಾಳಾಗುತ್ತವೆ. ಸೀಲ್ ತೊಳೆಯಲು ಪೆಟ್ರೋಲ್, ಡೀಸೆಲ್ ಬಳಸಿದರೂ ಅಷ್ಟೇ. ‘ಕ್ಲಚ್ ದ್ರವ’ ಎಂಬ ಪದವನ್ನು ಅಂಗಡಿಯಲ್ಲಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ‘ಬ್ರೇಕ್ ಫ್ಲೂಯಿಡ್, ರಿಸರ್ವಾಯರ್ ಮುಚ್ಚಳದ ಮೇಲೆ ನಮೂದಿಸಿದ ದರ್ಜೆ’ ಎಂದೇ ಬರೆಯಿರಿ.

ಮತ್ತೊಂದು ಉತ್ತರ

ಮೇಲಿನ ಉತ್ತರ ಒಪ್ಪುವಂಥದ್ದೇ, ಆದರೆ ‘ಪ್ಲೇಟ್ ಜಾರುತ್ತಿದೆ’ ಎಂದ ಕೂಡಲೇ ಪ್ಲೇಟ್ ಸವೆದಿದೆ ಎಂದು ಓದುಗ ತಿಳಿಯಬಾರದು. ಪುಶ್‌ರಾಡಿಗೆ ಫ್ರೀ ಪ್ಲೇ ಇಲ್ಲದೆ ಮಾಸ್ಟರ್ ಸಿಲಿಂಡರಿನ ಸಣ್ಣ ವಾಪಸಾತಿ ರಂಧ್ರ ಮುಚ್ಚಿಕೊಂಡರೆ, ಅಥವಾ ಹೋಸ್ ಒಳಗೋಡೆ ಊದಿ ದಾರಿ ಕಟ್ಟಿದರೆ, ಕಾಲು ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಉಳಿಯುತ್ತದೆ. ಗಾಡಿ ಬಿಸಿಯಾದಾಗ ಮಾತ್ರ ಜಾರುತ್ತಿದ್ದರೆ ಮೊದಲು ಇದನ್ನು ನೋಡಿ: ಜಾರುತ್ತಿರುವಾಗಲೇ ನಿಲ್ಲಿಸಿ, ಸ್ಲೇವಿನ ಬ್ಲೀಡ್ ನಿಪ್ಪಲನ್ನು (ಗಾಳಿ, ದ್ರವ ಹೊರಹಾಕಲು ಇರುವ ತಿರುಪು) ತುಸು ಸಡಿಲಿಸಿ. ದ್ರವ ಚಿಮ್ಮಿ, ಬಿಗಿದ ಮೇಲೆ ಜಾರುವುದು ನಿಂತರೆ ಪ್ಲೇಟಿಗೆ ಕೈ ಹಚ್ಚಬೇಡಿ. ಇದಕ್ಕೆ ‘ಒತ್ತಡ ಉಳಿದಿದೆ’ ಎಂಬ ಸರಳ ಮಾತೇ ಇರಲಿ.

‘ಬ್ಲೀಡಿಂಗ್’ ಬದಲು ಎಲ್ಲರೂ ಆಡುವ ‘ಏರ್ ತೆಗೆಯುವುದು’ ಸಾಕು. ಅಲ್ಲಿ ‘ಬಿಡಿ’ ಎಂಬ ಪದ ಬೇಡ. ಒಬ್ಬ ಪೆಡಲ್ ಬಳಿ, ಇನ್ನೊಬ್ಬ ಗಾಡಿಯಡಿ ಇರುವಾಗ ಕಾಲು ಬಿಡುವುದೋ ದ್ರವ ಬಿಡುವುದೋ ತಿಳಿಯದು. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ. ‘ಒತ್ತಿ ಹಿಡಿ’, ‘ತೆರೆದೆ’, ‘ಮುಚ್ಚಿದೆ’, ‘ಕಾಲೆತ್ತು’ ಎಂಬ ಕ್ರಮ. ನಿಪ್ಪಲ್ ಮುಚ್ಚುವ ಮುನ್ನ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ನಡುವೆ ರಿಸರ್ವಾಯರ್ ಬರಿದಾದರೂ ಅದೇ ಪಾಡು. ಬಣ್ಣದ ಮೇಲೆ ಬಿದ್ದ ಹನಿಯನ್ನು ಕೂಡಲೇ ನೀರಿನಿಂದ ತೊಳೆಯಬೇಕು. ಸ್ಲೇವ್ ಕಳಚಿ ನೇತಾಡುತ್ತಿರುವಾಗ ಪೆಡಲ್ ಒತ್ತಬಾರದು ಎಂಬ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿ. ಒತ್ತಿದರೆ ಪಿಸ್ಟನ್ ಹೊರಗೆ ಹಾರಿ ಬರುತ್ತದೆ.