‘ನಿಯಂತ್ರಣ’ಕ್ಕೆ ತಡೆಯುವ ಅರ್ಥ ಮಾತ್ರ ಉಳಿದಿದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗುವ ಬಗೆಯನ್ನು ಶಿರಸಿಯ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಕಿಣ್ವಗಳೂ ಪೊರೆಯ ಲಿಪಿಡ್‌ಗಳೂ ಈ ಕ್ರಿಯೆಯನ್ನು ನಿಯಂತ್ರಿಸುತ್ತವೆ’ ಎಂಬ ವಾಕ್ಯ ಓದಿದವರು, ‘ಹಾಗಾದರೆ ಅವು ನುಂಗಲು ಬಿಡುವುದಿಲ್ಲವೇ?’ ಎಂದು ಕೇಳುತ್ತಾರೆ. ಸೊಳ್ಳೆ ನಿಯಂತ್ರಣ, ಬೆಲೆ ನಿಯಂತ್ರಣ, ಅಡಿಕೆಯ ಕೊಳೆರೋಗ ನಿಯಂತ್ರಣ ಎಂದು ಕೇಳಿ ಕೇಳಿ ಆ ಪದಕ್ಕೆ ಅಡ್ಡಗಟ್ಟುವ ಅರ್ಥವೇ ಅಂಟಿಕೊಂಡಿದೆ.

ಕೋಶದಲ್ಲಿ ನಡೆಯುವುದು ಬೇರೆ. ರೋಗಾಣು ತಾಗಿದ ಕಡೆ ಪೊರೆ ಬಟ್ಟಲಿನ ಆಕಾರದಲ್ಲಿ ಮೇಲೆದ್ದು ಅದನ್ನು ಸುತ್ತುವರಿಯುತ್ತದೆ. ಪೊರೆಯ ಒಳಮೈಯಲ್ಲಿರುವ ಪಿಐಪಿ2 ಎಂಬ ಲಿಪಿಡ್ (ಕೊಬ್ಬಿನ ಬಗೆಯ ಅಣು) ಅಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆಯಲು ನೆರವಾಗುತ್ತದೆ. ಪೊರೆಯನ್ನು ಮುಂದಕ್ಕೆ ತಳ್ಳುವುದು ಆ ಎಳೆಗಳೇ. ಆದರೆ ಬಟ್ಟಲಿನ ತಳದಲ್ಲಿ ಅದೇ ಲಿಪಿಡ್ ಉಳಿದುಬಿಟ್ಟರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ, ತುತ್ತು ಒಳಗಿಳಿಯುವುದಿಲ್ಲ. ಆದ್ದರಿಂದ ಪಿಐ3 ಕೈನೇಸ್ ಎಂಬ ಕಿಣ್ವ ಅದಕ್ಕೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತದೆ. ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವೂ ಪಿಐಪಿ2ನ್ನು ಒಡೆದುಹಾಕುತ್ತದೆ. ಷಿಪ್1 ಎಂಬ ಮತ್ತೊಂದು ಕಿಣ್ವ ಪಿಐಪಿ3ರಿಂದ ಒಂದು ಫಾಸ್ಫೇಟ್ ಕಳಚಿ ನುಂಗುವಿಕೆಯನ್ನು ತಗ್ಗಿಸುತ್ತದೆ. ಪಿಐ3 ಕೈನೇಸನ್ನು ಔಷಧದಿಂದ ತಡೆದು ನೋಡಿದಾಗ, ಸಣ್ಣ ಕಣಗಳು ಹೇಗೋ ಒಳಸೇರುತ್ತವೆ, ದೊಡ್ಡ ಕಣದ ಸುತ್ತ ಮಾತ್ರ ಬಟ್ಟಲು ಮುಚ್ಚಿಕೊಳ್ಳದೆ ಅರ್ಧಕ್ಕೇ ನಿಲ್ಲುತ್ತದೆ.

ಹೀಗೆ ತೊಡಗಿಸುವುದು, ನಡೆಸುವುದು, ನಿಲ್ಲಿಸುವುದು ಮೂರೂ ಇಲ್ಲಿವೆ. ಕುಮಟಾ ಕಡೆಯ ಗಜನಿ ಗದ್ದೆಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಬ್ಬರ, ಇಳಿತ ನೋಡಿಕೊಂಡು ತೂಬಿನ ಹಲಗೆ ಎತ್ತಿ ಇಳಿಸುವವರನ್ನು ‘ನೀರು ತಡೆಯುವವರು’ ಎಂದರೆ ಅರ್ಧ ಕೆಲಸವನ್ನಷ್ಟೇ ಹೇಳಿದಂತೆ. ‘ಹತೋಟಿ’ಯಲ್ಲೂ ಹಿಡಿತದ ಅರ್ಥವೇ ಮುಂದು. ‘ನಿರ್ವಹಣೆ’ ಕಚೇರಿಯ ಕಡತಕ್ಕೆ ಸರಿ. ಪಾರಿಭಾಷಿಕವಾಗಿ ‘ನಿಯಮನ’, ‘ನಿಯಾಮಕ ಕಿಣ್ವ’ ಎಂದಿಟ್ಟುಕೊಂಡು, ವಿವರಣೆಯಲ್ಲಿ ‘ಹದದಲ್ಲಿ ನಡೆಸುತ್ತವೆ’ ಎನ್ನುವುದು ನನಗೆ ಒಪ್ಪಿಗೆಯಾಗುತ್ತದೆ.

ಇನ್ನೊಂದು ಪದವೂ ಇದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಜೀವವಿಜ್ಞಾನಿ ಮೆಚ್ನಿಕಾಫ್ ಗಮನಿಸಿದ ಈ ನುಂಗುವ ಕ್ರಿಯೆಗೆ (ಇಂಗ್ಲಿಷಿನಲ್ಲಿ ಫ್ಯಾಗೊಸೈಟೋಸಿಸ್) ‘ಕೋಶಭಕ್ಷಣೆ’ ಎಂದರೆ, ‘ಮಾಂಸಭಕ್ಷಣೆ’ಯ ಜಾಡಿನಲ್ಲಿ ಕೋಶವನ್ನೇ ತಿನ್ನುವುದು ಎಂದಾಗುತ್ತದೆ. ತಿನ್ನುವುದು ಕೋಶ, ತಿನ್ನಿಸಿಕೊಳ್ಳುವುದು ರೋಗಾಣು, ಸತ್ತ ಕೋಶದ ಚೂರು, ಧೂಳಿನ ಕಣ ಯಾವುದೂ ಆಗಬಹುದು. ‘ಕಣಭಕ್ಷಣೆ’ ಎನ್ನಬಹುದೇ? ಇವಕ್ಕೆ ಈಗಾಗಲೇ ಬಳಕೆಯಲ್ಲಿ ಬೇರೆ ಪದಗಳಿದ್ದರೆ ಒಂದೆರಡು ವಾಕ್ಯಗಳ ಸಮೇತ ತಿಳಿಸಿಕೊಡಿ.